ಎಲೆ ಮಡಚುವ ಕೈ

ಶೇವಂತೆವ್ವನನ್ನು ಮನೆಯಲ್ಲೇ ಬಿಟ್ಟು ಬರಬೇಕೆಂದು ಸುಂದರವ್ವ ಹೂಡಿದ ಉಪಾಯವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಥಂಡಿ ಅಂದಳು, ಮಂದಿ ತುಳಿದಾಡುತ್ತಾರೆ ಅಂದಳು. "ಆ ಪೆಟ್ಟಿಗಿ ನೋಡಿದ್ರ ಕಣ್ಣ ಹೋಗತಾವ್ರಿ ಅಕ್ಕಾ" ಎಂದು ಹೆದರಿಸಿಯೂ ನೋಡಿದಳು. ಮುದುಕಿ ಕೇಳಿಸಿಯೂ ಕೇಳಿಸದವಳಂತೆ ಕಂಬಳಿ ಹೊದ್ದು, ಎಲ್ಲರಿಗಿಂತ ಮೊದಲು ಇಂಗಳೇಶ್ವರದ ಶಾಲೆಯ ಅಂಗಳಕ್ಕೆ ಬಂದು, ಟೀವಿಯ ಎದುರು ಮುಂದಿನ ಸಾಲಿನಲ್ಲೇ ಕೂತಳು. ಸುಂದರವ್ವ ಪಕ್ಕದಲ್ಲಿ ಕೂರಬೇಕಾಯಿತು.

ಎಪ್ಪತ್ತೈದರ ಶ್ರಾವಣದಲ್ಲಿ ಸರಕಾರ ಊರಿಗೆ ಆ ಟೀವಿ ಕೊಟ್ಟಿತ್ತು. ಇವತ್ತು ಅದರಲ್ಲಿ ಊರವಳೇ ಕಾಣುತ್ತಾಳೆಂದು ಹೊತ್ತು ಮುಳುಗುವ ಮೊದಲೇ ಹೊಲದಿಂದ ಎದ್ದು ಬಂದವರಿದ್ದರು. ಟೀವಿ ನಾಟಕ ತಯಾರಾಗುವ ಹೈದರಾಬಾದಿಗೆ ಹೋಗಿ ಸುಂದರವ್ವ ಮಾಡಿ ಬಂದದ್ದು ಒಬ್ಬ ನಾಟಕದವಳ ಪಾತ್ರ. ಮೇಲೇರುವ ಹಸಿವಿಗೆ ಆಕೆ, ತನ್ನನ್ನು ಬೆಳೆಸಿದ ಹಿರಿಯ ನಟಿಗೆ ಎಲೆಅಡಿಕೆಯಲ್ಲಿ ಸಿಂಧೂರ ಬೆರೆಸಿ ತಿನ್ನಿಸುತ್ತಾಳೆ. ಗುಡಿಯ ಹಣಮಪ್ಪನ ಮೈಗೆ ಹಚ್ಚುವ ಸಿಂಧೂರವೇ. ಹೊಟ್ಟೆಗೆ ಹೋದರೆ ಕಂಠ ಹೋದಂತೆಯೇ. ಅದಕ್ಕೇ ಕಂಪನಿ ನಾಟಕದಲ್ಲಿ ಒಬ್ಬರು ಮಡಚಿದ ಎಲೆಯನ್ನು ಇನ್ನೊಬ್ಬರು ಬಾಯಿಗೆ ಹಾಕುವುದಿಲ್ಲ.

ಇಬ್ಬರೂ ಒಂದೇ ಕಂಪನಿಯಲ್ಲಿದ್ದಾಗ, ಹಿರಿಯ ನಟಿ ಶೇವಂತೆವ್ವ ಮಾತ್ರ ಸುಂದರವ್ವನ ಕೈಯ ಎಲೆ ತಿನ್ನುತ್ತಿದ್ದಳು. ಆರು ವರ್ಷದ ಹಿಂದೆ, ಸಿಂದಗಿ ಕ್ಯಾಂಪಿನಲ್ಲಿ, ಅವಳ ದನಿ ಹೋಯಿತು; ಅವಳ ಪಾರ್ಟು ಸುಂದರವ್ವನಿಗೆ ಬಂತು. "ಯಾರದೋ ಕೆಟ್ಟ ನೆದರ ಬಡೀತವಾ" ಎಂದು ಮುದುಕಿ ಪಿಸುಗುಟ್ಟಿದಳು. ಕಂಪನಿ ಮುಚ್ಚಿದ ಮೇಲೆ ದಿಕ್ಕಿಲ್ಲದ ಅವಳನ್ನು ಸುಂದರವ್ವ ಮನೆಗೆ ಕರೆತಂದು ಸಾಕುತ್ತಿದ್ದಾಳೆ. ಹೆತ್ತ ಮಗಳೂ ಹೀಗೆ ನೋಡುವುದಿಲ್ಲ ಎಂದು ಊರು ಹೊಗಳಿದಾಗಲೆಲ್ಲ ಸುಂದರವ್ವ ಬೇರೆ ಮಾತು ತೆಗೆಯುತ್ತಾಳೆ. ಈಗ ಉಳಿದಿರುವ ಆಸೆ ಒಂದೇ: ತಾನು ಮಾಡಿದ್ದು ಮುದುಕಿಗೆ ಸಾಯುವ ತನಕ ಗೊತ್ತಾಗಬಾರದು.

ಹಾಗಿದ್ದರೆ ಈ ಪಾತ್ರವನ್ನಾದರೂ ಬೇಡ ಎನ್ನಬಹುದಿತ್ತಲ್ಲ? ಎಲ್ಲಿಯ ಮಾತು! ಹುಟ್ಟುಗುಣ ಸುಟ್ಟರೂ ಹೋಗದು. ಒಪ್ಪಿಕೊಂಡಳು, ಆದರೆ ಜಾಣತನ ಮಾಡಿದಳು. ಮುದುಕಿಗೆ ಸುಳಿವು ಸಿಗಬಾರದೆಂದು, ಎಲೆ ಮಡಚುವಾಗ ಬೇಕೆಂದೇ ತಪ್ಪು ಮಾಡಿ, ಕೈ ಎತ್ತಿ ಮೇಲಿನಿಂದ ಸಿಂಧೂರ ಉದುರಿಸಿದಳು. ಯಾವ ನಾಟಕದವಳೂ ಹಾಗೆ ಮಾಡುವುದಿಲ್ಲ. ಹೈದರಾಬಾದಿನವರಿಗೇನು ಗೊತ್ತು, ಭೇಷ್ ಅಂದರು.

ಟೀವಿಯಲ್ಲಿ ಆ ಕೈ ಬಂತು. ತೊಟ್ಟು ಮುರಿಯಿತು, ನಾರು ಸೀಳಿತು. ಮೇಲಿನಿಂದ ಉದುರಿಸಲಿಲ್ಲ. ಸುಣ್ಣ ಸವರಿ, ಸುಣ್ಣದಲ್ಲೇ ಒಂದು ಚಿಟಿಕೆ ಸಿಂಧೂರ ಕಲಸಿ, ಮೇಲೆ ಕಾಚು ಉಜ್ಜಿ ಬಣ್ಣ ಮುಚ್ಚಿತು. ಎಲೆ ಮಡಚಿ, ಬೆರಳನ್ನು ತುರುಬಿನೊಳಗೆ ತೂರಿಸಿ ಒರೆಸಿಕೊಂಡಿತು. ಸುಂದರವ್ವ ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಇದು ಹೈದರಾಬಾದಿನಲ್ಲಿ ಮಾಡಿದ್ದಲ್ಲ, ಸಿಂದಗಿಯಲ್ಲಿ ಮಾಡಿದ್ದು. ಹಿಂದೆ ತೂಗುತ್ತಿದ್ದದ್ದೂ ಕಂಪನಿಯ ತೇಪೆ ಹಾಕಿದ ಪರದೆಯೇ. ಆಮೇಲೆ ಪೆಟ್ಟಿಗೆಯೊಳಗಿನ ಅವಳು ಮುಖ ಎತ್ತಿದಳು. ಕ್ಯಾಮೆರಾ ನೋಡಬೇಡಿ ಎಂದು ನೂರು ಸಲ ಹೇಳಿದ್ದರು. ಅವಳು ನೇರವಾಗಿ ಹೊರಗೆ ನೋಡಿದಳು. ಸುಂದರವ್ವನನ್ನಲ್ಲ, ಪಕ್ಕದಲ್ಲಿ ಕೂತಿದ್ದ ಶೇವಂತೆವ್ವನನ್ನು. ಮುದುಕಿಯ ರೆಪ್ಪೆ ಅಲುಗಲಿಲ್ಲ.

ನಾಟಕ ಮುಗಿದು ರಾಚಪ್ಪ ಮಾಸ್ತರರು ಟೀವಿಗೆ ಬೀಗ ಹಾಕುತ್ತಿದ್ದಾಗ ಸುಂದರವ್ವ ಒಬ್ಬಳೇ ಹೋಗಿ ನಿಂತಳು.

"ಮಾಸ್ತರ, ಆ ಎಲಿ ಮಡಚೂದು... ಹೆಂಗ ಕಂಡಿತ್ರಿ?"

"ಎಲ್ಲಾ ಭಾರಿ ಮಾಡೀರಿ, ಅದೊಂದು ಕೆಡಿಸೀರಿ ನೋಡ್ರಿ," ಎಂದು ಅವರು ನಕ್ಕರು. "ಚುರುಮುರಿ ಸುಸಲಾಕ್ಕ ಪುಟಾಣಿ ಹಿಟ್ಟ ಉದುರಿಸಿದಂಗ ಮ್ಯಾಲಿಂದ ಉದುರಿಸೀರಲ್ಲಾ! ಹಂಗ ಹಾಕಿದ್ರ ಕುರುಡಗೂ ಕಾಣತೈತಿ."

"ಹೌದ ನೋಡು," ಎಂದಳು ಹಿಂದೆ ಬಂದ ನೆರೆಮನೆಯ ರುಕ್ಮವ್ವ. "ನಮಗ ನಗಿ ತಡಕೊಳ್ಳಾಕ ಆಗಲಿಲ್ಲ."

ಅಯ್ಯ ಶಿವನೇ! ಹಾಗಾದರೆ ಕಂಡದ್ದು ತನ್ನೊಬ್ಬಳಿಗೇ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದು ತನ್ನನ್ನೇ ಬೈದುಕೊಂಡಳು. ಎದೆಯ ಮೇಲಿನ ಬೀಸುಕಲ್ಲು ಇಳಿದಂತಾಗಿ, ಮುದುಕಿಯ ಕೈ ಹಿಡಿದು ಮನೆಗೆ ನಡೆಸಿಕೊಂಡು ಬರುವಾಗ ಎಷ್ಟೋ ದಿನಗಳ ಮೇಲೆ ಗುನುಗಿದಳು ಕೂಡ.

ದೀಪ ಹಚ್ಚಿ, ಬಿಸಿ ರೊಟ್ಟಿ ತಟ್ಟಿ, ಬದನೆಕಾಯಿ ಪಲ್ಯದ ಜೊತೆ ತಾಟು ಮುಂದಿಟ್ಟಳು. ಈ ಮನೆಗೆ ಬಂದಾಗಿನಿಂದ ಶೇವಂತೆವ್ವ ಇಟ್ಟದ್ದನ್ನು ನೋಡದೆ ಉಂಡವಳು. ಇವತ್ತು ಕೈ ಮುಂದೆ ಬರಲಿಲ್ಲ.

"ಯಾಕ್ರಿ ಅಕ್ಕಾ, ಹಸಿವಿಲ್ಲೇನ್ರಿ?"

ಶೇವಂತೆವ್ವ ರೊಟ್ಟಿ ಮುರಿದಳು. ಪಲ್ಯಕ್ಕೆ ಒತ್ತಿ ತುತ್ತು ಮಾಡಿದಳು. ಕೂಸಿಗೆ ಉಣಿಸುವವಳಂತೆ ನಗುತ್ತ, ಅದನ್ನು ಸುಂದರವ್ವನ ತುಟಿಯ ತನಕ ತಂದು ಹಿಡಿದಳು.

"ಮೊದಲ ನೀ ತಿನ್ನವಾ," ಎಂದು ಪಿಸುಗುಟ್ಟಿದಳು. "ಇನ್ನ ಮ್ಯಾಲ ದಿನಾ, ಮೊದಲ ನೀ."