ಗದ್ದೆಗೊರವದ ಚೀಟಿ

“ಚರ್ಮ ಸುಲಿಯೋನಿಗೆ ಹಕ್ಕಿಯ ಊರು ಯಾಕಯ್ಯಾ?” ಎನ್ನುತ್ತಲೇ ಲೆಕ್ಚರರ್ ಚನ್ನಬಸವಯ್ಯ ಸತ್ತ ಹಕ್ಕಿಯ ಕಾಲಿಗೆ ಕಟ್ಟುವ ಚೀಟಿಯಲ್ಲಿ ‘ಗದ್ದೆಗೊರವ. ಮೈಸೂರಿನದೇ ಹಕ್ಕಿ. ಏಪ್ರಿಲ್ ೧೯೫೮’ ಎಂದು ದುಂಡಗೆ ಬರೆದರು. ನೆಟ್ಟಗಿನ ಕೊಕ್ಕು, ಹಳದಿ ಕಾಲು, ಸುಣ್ಣ ಸಿಡಿದಂತೆ ಚುಕ್ಕೆಯಿರುವ ಕಂದು ಬೆನ್ನು. ಕೆಸರಿನಲ್ಲಿ ಹುಳ ಹೆಕ್ಕುವ ಈ ಬಡಪಾಯಿ ದೇಶಾಂತರದಿಂದ ಹಾರಿ ಬರುತ್ತದೆಂದು ಕಾಲೇಜಿನ ಮ್ಯೂಸಿಯಂಗಾಗಿ ಹಕ್ಕಿಗಳ ಚರ್ಮ ಸುಲಿದು ಹತ್ತಿ ತುಂಬಿಕೊಡುವ ಬೆಟ್ಟಯ್ಯನ ವಾದ! ಕಾಲೇಜು ನಡೆಯುವ ತಿಂಗಳುಗಳಲ್ಲೆಲ್ಲ ಲೆಕ್ಚರರು ಅದನ್ನು ಕಾರಂಜಿ ಕೆರೆಯಲ್ಲಿ ಕಂಡವರು.

“ಬ್ಯಾಸಿಗೆ ರಜದಲ್ಲಿ ಕಂಡಿದ್ರಾ ಸಾ?” ಹಕ್ಕಿಯ ಎದೆಯ ಚರ್ಮ ಬಿಡಿಸುತ್ತಾ ಬೆಟ್ಟಯ್ಯ ಕೇಳಿದ.

“ರಜದಲ್ಲಿ ನಾನು ಊರಿಗೆ ಹೋಗ್ತೀನಿ ಕಣಯ್ಯ. ಇದೆಲ್ಲಿಗೆ ಹೋಗುತ್ತೆ, ಅತ್ತೆ ಮನೆಗಾ?” ಲೆಕ್ಚರರು ಮೂಗು ಮುರಿದರು.

ಬೆಟ್ಟಯ್ಯ ಸುಲಿದ ಮೈಯನ್ನು ಆ ಚೀಟಿಯ ಮೇಲೇ ಇಟ್ಟ. ಎದೆ, ಹೊಟ್ಟೆ, ರೆಕ್ಕೆಯ ಬುಡ, ಎಲ್ಲೆಲ್ಲೂ ಬೆಣ್ಣೆಯಂಥ ಕೊಬ್ಬು. ದುಂಡಗಿನ ಅಕ್ಷರಗಳು ಜಿಡ್ಡಿನಲ್ಲಿ ನೆನೆದವು.

“ದೀವಳಿಗೆ ಮುಂಚೆ ಬಂದಿಳಿದಾಗ ಬರೀ ಮೂಳೆ ಚಕ್ಕಳ ಸಾ. ಈಗ ನೋಡಿ, ಮೈತುಂಬ ಬುತ್ತಿ ಕಟ್ಕೊಂಡದೆ. ಮನೇಲೇ ಇರೋರು ಯಾರಾದ್ರೂ ಬುತ್ತಿ ಕಟ್ಕೋತಾರಾ?”