ಅಡುಗೆಮನೆ ಬಾಗಿಲಿನ ಬೇರಿಂಗು

ಹಳೇ ಸ್ಪೋರ್ಟ್ಸ್ ಕಾರಿಗೆ ಇಡೀ ಗೇರ್‌ಬಾಕ್ಸ್ ತರಿಸಿದರೆ ರಿಪೇರಿ ಶೆಡ್ಡನ್ನು ಹತ್ತು ತಿಂಗಳು ಬಾಡಿಗೆಗೆ ಕೊಟ್ಟರೆ ಬರುವಷ್ಟು ದುಡ್ಡು. ಹಡಗಿನಲ್ಲಿ ಬರಲು ಏಳು ವಾರ. ಒಳಗಿನ ಬೇರಿಂಗ್ ಒಂದನ್ನೇ ಬದಲಿಸಿದರೆ ಒಂದು ಜೊತೆ ಚಪ್ಪಲಿಯ ಬೆಲೆ, ಒಂದು ದಿನದ ಕೆಲಸ. ಆದರೆ ಅದು ಯಾವ ಬೇರಿಂಗ್ ಅಂತ ಗೊತ್ತಿರಬೇಕು. ಶೆಡ್ಡು ನಡೆಸುವ ಸೊಸೆಗೆ ಗೊತ್ತಿರಲಿಲ್ಲ. ಗೊತ್ತಾಗುವ ದಾರಿಯನ್ನು ಅವಳೇ ಉಜ್ಜಿ ಹಾಕಿದ್ದಳು.

ಬಿಚ್ಚಿದ ಭಾಗವನ್ನೆಲ್ಲ ಫಳಫಳ ಹೊಳೆಯಿಸಿ ಗಿರಾಕಿಗೆ ತೋರಿಸುವುದು ಮಾವ ಬದುಕಿದ್ದಾಗ ಕಲಿಸಿದ ಅಭ್ಯಾಸ. ಸವೆದ ಬೇರಿಂಗನ್ನೂ ಅವಳು ಬಿಡಲಿಲ್ಲ. ಎಮರಿ ಕಾಗದ ಹಿಡಿದು ತಿಕ್ಕಿದಳು. ತುಕ್ಕಿನ ಜೊತೆಗೆ ಅಂಚಿನಲ್ಲಿದ್ದ ನಂಬರೂ ಹೋಯಿತು. ಅಳತೆಯಾದರೂ ಹೇಳೋಣ ಅಂತ ಬಿಡಿಭಾಗದ ಅಂಗಡಿಗೆ ಫೋನ್ ಮಾಡಿದರೆ, ನಡುವಿನ ತೂತು ಇಪ್ಪತ್ತೆಂಟೂವರೆ ಮಿಲಿಮೀಟರಿಗಿಂತ ಚೂರು ಜಾಸ್ತಿ ಎಂದದ್ದಕ್ಕೆ ಅಂಗಡಿಯವನು ನಕ್ಕುಬಿಟ್ಟ. ಅಂಥ ಅಳತೆ ತನ್ನ ಪುಸ್ತಕದಲ್ಲೇ ಇಲ್ಲ, ಉಜ್ಜಿ ಉಜ್ಜಿ ಕಬ್ಬಿಣವನ್ನೇ ತಿಂದುಹಾಕಿರಬೇಕು ಎಂದ. ಸೊಸೆಗೆ ತನ್ನ ಕೈಮೇಲೆ ತನಗೇ ಅನುಮಾನ ಬಂತು. ಇಷ್ಟು ಹಳೇ ಕಾರು ಅವಳ ಕೈಗೆ ಸಿಕ್ಕಿದ್ದು ಇದೇ ಮೊದಲು.

ಕಾರಿನ ಯಜಮಾನರು ನಿವೃತ್ತ ಮೇಷ್ಟ್ರು, ಒಳ್ಳೆಯವರು. ಆದರೂ ಸೋಮವಾರದೊಳಗೆ ಆಗದಿದ್ದರೆ ದೊಡ್ಡ ಗ್ಯಾರೇಜಿಗೆ ಎಳೆಸಿಕೊಂಡು ಹೋಗ್ತೀನಮ್ಮ ಅಂತ ಮೆಲ್ಲಗೆ ಹೇಳಿ ಹೋಗಿದ್ದರು. ಶೆಡ್ಡು ಅತ್ತೆಯದು. ಮಾವ ಹೋದ ಮೇಲೆ ಆರು ತಿಂಗಳು ನಡೆಸಿ ನೋಡು, ಆಗದಿದ್ದರೆ ಟೈಲರಿಗೆ ಬಾಡಿಗೆಗೆ ಕೊಡ್ತೀನಿ ಎಂದಿದ್ದರು. ಆ ಆರು ತಿಂಗಳು ಮುಗಿಯುವುದೂ ಸೋಮವಾರವೇ. ಟೈಲರು ಆಗಲೇ ಒಮ್ಮೆ ಬಂದು ಗೋಡೆ ಅಳೆದುಕೊಂಡು ಹೋಗಿದ್ದ. ಗಂಡ ಬಸ್ ಡ್ರೈವರು. ಅಮ್ಮನಿಗೂ ಹೆಂಡತಿಗೂ ನಡುವೆ ಹಾರ್ನ್ ಕೂಡ ಹೊಡೆಯದೆ ಹೋಗಿಬರುವ ಜಾಣ.

ಶುಕ್ರವಾರ ಸೊಸೆ ನೀರು ಕುಡಿಯಲು ಅಡುಗೆಮನೆಗೆ ಬಂದು, ಬೇರಿಂಗನ್ನು ಮೇಜಿನ ಮೇಲಿಟ್ಟಳು. ಅಡುಗೆಮನೆಗೆ ಗ್ರೀಸ್ ತರಬೇಡ ಎಂದು ಬೈಯಲು ಅತ್ತೆ ಅದನ್ನು ಎತ್ತಿಕೊಂಡರು. ಬೈಯಲಿಲ್ಲ. ತೂತಿನೊಳಗೆ ಎರಡು ಬೆರಳು ತೂರಿಸಿದರು, ತಿರುಗಿಸಿದರು, ಮತ್ತೆ ತಿರುಗಿಸಿದರು. ಆಮೇಲೆ ಅಡುಗೆಮನೆಯ ಹಿತ್ತಲ ಬಾಗಿಲಿಗೆ ಹೋಗಿ, ಗಾಳಿಗೆ ಹೊಡೆದುಕೊಳ್ಳದಂತೆ ಕೆಳಗೆ ಒತ್ತಿಟ್ಟಿದ್ದ ಕಬ್ಬಿಣದ ಬಳೆಯನ್ನು ಸೆರಗಿನಿಂದ ಒರೆಸಿ ತಂದರು.

“ಇದನ್ನ ಅಳೆದು ನೋಡು.”

“ಅತ್ತೆ, ಇದು ಬಾಗಿಲಿಗೆ ಒತ್ತು ಕೊಡೋದಲ್ವಾ?”

“ಬಾಗಿಲಿಗೆ ಬರೋ ಮೊದಲು ಅದೂ ಒಂದು ಕೆಲಸದಲ್ಲಿತ್ತು ಕಣೇ.”

ಅತ್ತೆ ಇಪ್ಪತ್ತಾರು ವರ್ಷ ಬ್ರೆಡ್ ಕಾರ್ಖಾನೆಯಲ್ಲಿ ಹಿಟ್ಟು ಕಲಸುವ ಯಂತ್ರ ನೋಡಿಕೊಂಡವರು. ಹಿಟ್ಟು ಹೊಕ್ಕು ಬೇರಿಂಗ್ ಕಚ್ಚಿಕೊಂಡಾಗಲೆಲ್ಲ ಫಿಟ್ಟರಿಗೆ ಕಾದು ಬೇಸತ್ತು, ಬಿಚ್ಚಿ ಹಾಕುವುದನ್ನು ತಾವೇ ಕಲಿತಿದ್ದರು. ಕೊನೆಯ ದಿನ ಒಂದು ಸವೆದ ಬೇರಿಂಗನ್ನು ನೆನಪಿಗೆ ತಂದಿದ್ದರು. ನಾಲ್ಕು ವರ್ಷದಿಂದ ಸೊಸೆ ಅದನ್ನು ಎಡವಿ ಹೆಬ್ಬೆರಳು ಜಜ್ಜಿಕೊಂಡದ್ದುಂಟು, ಬಗ್ಗಿ ನೋಡಿದ್ದಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು.

ಅಳೆದಳು. ಅದೇ ತೂತು, ಅದೇ ಅಗಲ, ಅದೇ ದಪ್ಪ. ಅವಳ ಕೈ ತಪ್ಪಿರಲಿಲ್ಲ. ಯಂತ್ರವೂ ಕಾರೂ ಅಂಗುಲದ ಕಾಲದವು. ಅಂಗಡಿಯವನ ಪುಸ್ತಕ ಮಿಲಿಮೀಟರಿನದು, ಅಷ್ಟೇ. ಬಾಗಿಲಿನ ಬೇರಿಂಗಿನ ಅಂಚಿನಲ್ಲಿ ನಂಬರು ಅಚ್ಚಳಿಯದೆ ಇತ್ತು. ಅತ್ತೆ ಕಾರ್ಖಾನೆಯ ಉಗ್ರಾಣದವನಿಗೆ ಫೋನ್ ಮಾಡಿ, ಅವನ ಮಂಡಿನೋವು ವಿಚಾರಿಸಿ, ಆಮೇಲೆ ನಂಬರು ಓದಿದರು. ಆ ಯಂತ್ರ ಇನ್ನೂ ಓಡುತ್ತಿತ್ತು. ಮೇಣದ ಕಾಗದ ಸುತ್ತಿದ ಹೊಸ ಬೇರಿಂಗ್ ಮೂರು ಇದ್ದವು. ಒಂದನ್ನು ಕೊಂಡ ಬೆಲೆಗೇ ಬಿಟ್ಟುಕೊಡಲು ಒಪ್ಪಿದ.

“ನೀವು ಸುಮ್ಮನಿದ್ದಿದ್ರೆ ಶೆಡ್ಡು ಟೈಲರಿಗೆ ಹೋಗ್ತಿತ್ತು, ಅತ್ತೆ,” ಎಂದಳು ಸೊಸೆ.

“ಶೆಡ್ಡಿನ ಮಾತು ಬೇರೆ. ಕೈಗೆ ಗೊತ್ತಿರೋದನ್ನ ಗೊತ್ತಿಲ್ಲ ಅನ್ನೋಕೆ ನನಗೆ ಬರಲ್ಲ.”

ಶನಿವಾರ ಹೊಸ ಬೇರಿಂಗನ್ನು ಎಣ್ಣೆಯಲ್ಲಿ ಬಿಸಿ ಮಾಡಿ ಶಾಫ್ಟಿಗೆ ಕೂರಿಸಿದರು, ಬಾಣಲೆ ಅತ್ತೆಯದೇ. ಭಾನುವಾರ ಸಂಜೆಯ ಹೊತ್ತಿಗೆ ಗೇರ್‌ಬಾಕ್ಸ್ ಕಾರಿನ ಹೊಟ್ಟೆ ಸೇರಿತ್ತು. ಸೋಮವಾರ ಬೆಳಗ್ಗೆ ಮೇಷ್ಟ್ರು ಬಂದಾಗ, ಮೊದಲು ಓಡಿಸಿ ನೋಡಬೇಕು ಎಂದಳು ಸೊಸೆ. ಇದ್ದದ್ದು ಎರಡೇ ಸೀಟು. ಇನ್ನೊಂದರಲ್ಲಿ ಅತ್ತೆ ಆಗಲೇ ಕೂತಿದ್ದರು. ಯಜಮಾನರು ಗೇಟಿನ ಹತ್ತಿರ ನಿಂತು ತಮ್ಮದೇ ಕಾರಿಗೆ ಕೈ ಬೀಸಿದರು.

ಸೇತುವೆ ದಾಟಿ ಏರು ಸಿಕ್ಕಿತು. ಮುಂಚೆ ಗೇರ್‌ಬಾಕ್ಸ್ ಕೂಗುತ್ತಿದ್ದುದು ಮೂರನೇ ಗೇರಿನಲ್ಲೇ. ಸೊಸೆ ಮೂರಕ್ಕೆ ಹಾಕಿದಳು. ಅತ್ತೆ ಕಣ್ಣು ಮುಚ್ಚಿ, ತಲೆ ಓರೆ ಮಾಡಿ ಸದ್ದಿಗೆ ಕಿವಿಗೊಟ್ಟರು. ಕಾರು ಏರಿನ ತುದಿ ಮುಟ್ಟಿತು.

“ಹಿಟ್ಟು ಹದಕ್ಕೆ ಬಂದಾಗ ಹೀಗೇ ಇರ್ತಿತ್ತು,” ಎಂದರು. “ಇನ್ನೂ ಸ್ವಲ್ಪ ಜೋರಾಗಿ ಓಡಿಸು.”

ಟೈಲರು ಬೇರೆ ಕಡೆ ಮಳಿಗೆ ಹಿಡಿದ. ಕಾರ್ಖಾನೆಯ ಹಳೇ ಬೇರಿಂಗು ಈಗ ಶೆಡ್ಡಿನ ಗೋಡೆಯಲ್ಲಿ, ಮಾವನ ಸ್ಪ್ಯಾನರುಗಳ ಪಕ್ಕದ ಮೊಳೆಯಲ್ಲಿದೆ. ಅಡುಗೆಮನೆ ಬಾಗಿಲಿಗೆ ಸೊಸೆ ಉಜ್ಜಿದ್ದ ಬೇರಿಂಗನ್ನು ಒತ್ತಿಟ್ಟಿದ್ದಾರೆ. ಅದು ವಿಪರೀತ ನುಣ್ಣಗಾಗಿರುವುದರಿಂದ ಜಾರುತ್ತದೆ. ಗಾಳಿ ಬಂದಾಗಲೆಲ್ಲ ಬಾಗಿಲು ದಢಾರ್ ಎಂದು ಬಡಿಯುತ್ತದೆ. ಗಳಿಸಿದ್ದು ಒಂದು ಶೆಡ್ಡು, ಕಳೆದುಕೊಂಡದ್ದು ಮಧ್ಯಾಹ್ನದ ನಿದ್ದೆ. ಅತ್ತೆ ಆ ಹೊತ್ತಿಗೆ ಹೇಗೂ ಶೆಡ್ಡಿನಲ್ಲೇ ಇರುತ್ತಾರೆ.