ಅಂಟಿನುಂಡೆ

ಗ್ರಾನೈಟ್ ವ್ಯಾಪಾರಕ್ಕೆಂದು ಸಾಹುಕಾರರು ಮೊದಲ ಸಲ ಕೊಲ್ಲಿ ದೇಶಕ್ಕೆ ಹೊರಟಿದ್ದರು. ಅಲ್ಲಿನ ರೀತಿ ರಿವಾಜು, ಕಾಯಿದೆ ಕಾನೂನು ಓದಿ ತಿಳಿಸಿಕೊಡುವ ಕೆಲಸ ಅವರ ಕಚೇರಿಯಲ್ಲಿದ್ದ ಅವಳದು. ಹೋದ ವರ್ಷದವರೆಗೆ ಕಚೇರಿಯ ಆ ಕುರ್ಚಿಯಲ್ಲಿ ಅವಳ ಗಂಡ ಕೂರುತ್ತಿದ್ದ. ಸಾಹುಕಾರರು ಪರಿಚಯದವರಿಗೆಂದು ಅವನ ಕೈಲಿ ಕೊಟ್ಟು ಕಳಿಸಿದ ಗಸಗಸೆಯ ಪೊಟ್ಟಣ ಅಲ್ಲಿನ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿತ್ತು. ಗಸಗಸೆಯೂ ಅಲ್ಲಿ ಮಾದಕ ವಸ್ತುವೆಂದು ಅವನನ್ನು ಜೈಲಿಗೆ ಹಾಕಿದರು. ಪೊಟ್ಟಣ ತಮ್ಮದಲ್ಲವೆಂದು ಸಾಹುಕಾರರು ಕೈತೊಳೆದುಕೊಂಡರು. ಜೈಲಿನಿಂದ ಊರಿಗೆ ಬಂದದ್ದು ಅವನ ಹೆಣ.

“ಬಲಗೈಲೇ ಕೊಡ್ರಿ, ಬಲಗೈಲೇ ತಗೋರಿ. ಅಲ್ಲಿನವ್ರ ಹೆಂಡ್ತಿ ಸುದ್ದಿ ಕೇಳಬ್ಯಾಡ್ರಿ.”

“ಆತು. ಚೀಲದಾಗ ಗಸಗಸೆ ಒಂದ ಕಾಳೂ ಇಲ್ಲ, ನಾನಽ ನೋಡೇನಿ. ನಿನ್ನ ಗಂಡನೂ ಹಂಗ ನೋಡಬೇಕಿತ್ತವಾ. ಕಾನೂನು ಗೊತ್ತಿರಲಿಲ್ಲ ಅಂದ್ರ ಯಾರ ಬಿಡ್ತಾರ?”

“ಯಾರೂ ಬಿಡಂಗಿಲ್ರಿ.” ಅವಳು ಸ್ಟೀಲಿನ ಡಬ್ಬಿಯೊಂದನ್ನು ಮುಂದಿಟ್ಟಳು. “ಅವ್ರ ಮನೀಗೆ ಬರಿಗೈಲೆ ಹೋಗಬಾರದ್ರಿ. ಅಂಟಿನುಂಡಿ ಮಾಡೀನಿ.”

ಅಡುಗೆಮನೆಯ ಹೊಸ್ತಿಲು ದಾಟಿ ಗೊತ್ತಿಲ್ಲದ ಸಾಹುಕಾರರು ಒಂದನ್ನು ಬಾಯಿಗೆ ಹಾಕಿಕೊಂಡರು.

“ಭಾಳ ಛಲೋ ಆಗ್ಯಾವ! ಏನೇನ್ ಹಾಕಿಯವಾ?”

“ಅಂಟು, ಬೆಲ್ಲ, ಒಣಕೊಬ್ರಿ.”

ಡಬ್ಬಿ ಸಾಹುಕಾರರ ಚೀಲ ಸೇರಿತು.

ಸಂಜೆ ಮನೆಗೆ ಬಂದವಳು, ಖಾಲಿಯಾಗಿದ್ದ ಗಸಗಸೆಯ ಭರಣಿಯನ್ನು ತೊಳೆದು ಬೋರಲು ಹಾಕಿದಳು.